ಲೌಂಜ್‌ಗೆ ಜೊತೆಯವರನ್ನು ಕರೆದೊಯ್ಯೋಕೆ ಯಾವುದು ವಾಸಿ: ಕಾರ್ಡಾ, ಪಾಸಾ, ಗೋಲ್ಡಾ?

ವಿಮಾನ ನಿಲ್ದಾಣದ ಲೌಂಜ್ ಬಗ್ಗೆ ಬರೆಯುವವರೆಲ್ಲ ಊಟ ಹೇಗಿತ್ತು, ಸೋಫಾ ಹೇಗಿತ್ತು, ವೈಫೈ ಸಿಕ್ತಾ ಅಂತಲೇ ಬರೆಯುತ್ತಾರೆ. ಒಬ್ಬರೇ ಹೋಗುವವರಿಗೆ ಅಷ್ಟು ಸಾಕು. ಜೊತೆಗೆ ಹೆಂಡತಿ, ಅತ್ತೆ-ಮಾವ, ಆಫೀಸಿನವರು ಅಂತ ಇಬ್ಬರು ಮೂವರು ಇದ್ದರೆ ಕಥೆಯೇ ಬೇರೆ. ಒಳಗಿನ ಇಡ್ಲಿ ಬಿಸಿ ಇದೆಯೋ ಇಲ್ಲವೋ ಆಮೇಲಿನ ಮಾತು. ಕೌಂಟರಿನಲ್ಲಿ ಕೂತವರು ಯಾರ್ಯಾರನ್ನು ಒಳಗೆ ಬಿಡುತ್ತಾರೆ ಅನ್ನೋದು ಮೊದಲು ಇತ್ಯರ್ಥ ಆಗಬೇಕು.

ನಾನು ಆಡಿಟ್ ಕೆಲಸದವನು. ಊರು ತಿಪಟೂರು, ಇರುವುದು ಬೆಂಗಳೂರು, ಕೆಲಸ ದಿಲ್ಲಿ-ಮುಂಬೈ ಕಡೆಗೇ ಜಾಸ್ತಿ. ಹಾಗಾಗಿ ಲೌಂಜ್ ಒಳಗೆ ಹೋಗೋಕೆ ಇರುವ ದಾರಿಗಳೆಲ್ಲ ಒಂದಲ್ಲ ಒಂದು ಕಾಲಕ್ಕೆ ನನ್ನ ಪರ್ಸಿನಲ್ಲಿ ಇದ್ದವು. ಬ್ಯಾಂಕಿನ ಕಾರ್ಡ್, ಪ್ರಯಾರಿಟಿ ಪಾಸ್ (ಹಲವು ದೇಶಗಳ ಲೌಂಜ್‌ಗಳಲ್ಲಿ ನಡೆಯುವ ಸದಸ್ಯತ್ವ), ಏರ್ ಇಂಡಿಯಾದ ಗೋಲ್ಡ್ (ಅವರ ವಿಮಾನದಲ್ಲಿ ಜಾಸ್ತಿ ಓಡಾಡುವವರಿಗೆ ಕೊಡುವ ದರ್ಜೆ), ಏನೂ ಇಲ್ಲದಿದ್ದಾಗ ಬಾಗಿಲಲ್ಲೇ ದುಡ್ಡು ಕೊಟ್ಟು ಹೋಗಿದ್ದೂ ಇದೆ. ಇಲ್ಲಿ ಅವುಗಳನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ಜೊತೆಗಿರುವವರಿಗೆ ಮುಜುಗರ ಆಗದ ಹಾಗೆ ಒಳಗೆ ಕರೆದುಕೊಂಡು ಹೋಗೋಕೆ ಯಾವುದು ವಾಸಿ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 'ಗೆಸ್ಟ್ ಫ್ರೀ' ಅನ್ನುವ ಮಾತು ನಂಬಿಕೊಂಡು ಯಾರನ್ನೂ ಕರೆಯಬೇಡಿ. ಮನೆಯವರಿಗೆ ಅವರವರ ಹೆಸರಿನ ಕಾರ್ಡ್ ಮಾಡಿಸಿ. ಹೆಂಡತಿಗೆ ಆ್ಯಡ್-ಆನ್ ಕ್ರೆಡಿಟ್ ಕಾರ್ಡ್ (ನಿಮ್ಮ ಕಾರ್ಡಿನ ಜೊತೆಗೇ ಅವರ ಹೆಸರಿನಲ್ಲಿ ಕೊಡುವ ಇನ್ನೊಂದು ಕಾರ್ಡ್), ಹಿರಿಯರಿಗೆ ಅವರ ಅಕೌಂಟಿನದೇ ಡೆಬಿಟ್ ಕಾರ್ಡ್. ಆಗ ಯಾರೂ ಯಾರ ಗೆಸ್ಟೂ ಆಗುವುದಿಲ್ಲ, ಎಲ್ಲರೂ ತಮ್ಮ ತಮ್ಮ ಹಕ್ಕಿನಲ್ಲಿ ಒಳಗೆ ಹೋಗುತ್ತಾರೆ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಲೌಂಜಿನಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಅಂತ ಗೊತ್ತಿರಬೇಕು. ಅಲ್ಲಿ ಊಟ ಪುಕ್ಕಟೆ ಅಲ್ಲ. ನೀವು ಕಾರ್ಡ್ ಉಜ್ಜಿದಾಗಲೆಲ್ಲ ತಲೆಗೆ ಇಷ್ಟು ಅಂತ ಲೌಂಜ್ ನಡೆಸುವವರಿಗೆ ಬ್ಯಾಂಕ್ ಕಡೆಯಿಂದ ದುಡ್ಡು ಹೋಗುತ್ತದೆ. ಮಧ್ಯೆ ಲೆಕ್ಕ ನೋಡಿಕೊಳ್ಳುವ ಕಂಪನಿ ಒಂದಿರುತ್ತದೆ. ನಮ್ಮ ದೇಶದಲ್ಲಿ ಆ ಕೆಲಸದ ದೊಡ್ಡ ಪಾಲು ಬಹಳ ಕಾಲ ಡ್ರೀಮ್‌ಫೋಕ್ಸ್ ಅನ್ನುವ ಕಂಪನಿ ಕೈಯಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅವರು ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿಬಿಟ್ಟರು. ಅದಕ್ಕೂ ಮೊದಲೇ ಬ್ಯಾಂಕುಗಳು ಕೈ ಬಿಗಿ ಮಾಡೋಕೆ ಶುರು ಮಾಡಿದ್ದವು. ಐಸಿಐಸಿಐ ಬ್ಯಾಂಕ್ ತನ್ನ ಹಲವು ಕಾರ್ಡುಗಳಿಗೆ 2024ರ ಏಪ್ರಿಲ್‌ನಿಂದ, ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚು ಮಾಡಿದ್ದರೆ ಮಾತ್ರ ಲೌಂಜ್ ಅಂತ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಆ 35,000 ಇದ್ದದ್ದು 75,000 ಆಯಿತು. ಬೇರೆಯವರೂ ತಮ್ಮದೇ ಲೆಕ್ಕಗಳನ್ನು ತಂದರು. ಕಾರ್ಡ್ ಇಟ್ಟುಕೊಂಡವರಿಗೇ ಇಷ್ಟು ಷರತ್ತು ಇರುವಾಗ ಅವರ ಜೊತೆ ಬಂದವರಿಗೆ ಬ್ಯಾಂಕು ಖುಷಿಯಿಂದ ದುಡ್ಡು ಕಟ್ಟುತ್ತದಾ? ಹೀಗೆ ಬಿಗಿ ಮಾಡುವಾಗ ಕತ್ತರಿ ಬೀಳೋದು ಸಾಮಾನ್ಯವಾಗಿ ಗೆಸ್ಟ್‌ಗಳ ಮೇಲೆಯೇ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್‌ನ ಪ್ಲಾಟಿನಂ ಕಾರ್ಡ್ ಇದ್ದವರು ಸೆಂಚೂರಿಯನ್ ಲೌಂಜ್‌ಗೆ ಇಬ್ಬರನ್ನು ಪುಕ್ಕಟೆ ಕರೆದುಕೊಂಡು ಹೋಗಬಹುದಿತ್ತು. 2023ರ ಫೆಬ್ರವರಿಯಿಂದ ದೊಡ್ಡವರಿಗೆ ತಲೆಗೆ 50 ಡಾಲರ್. ವರ್ಷಕ್ಕೆ 75,000 ಡಾಲರ್ ಖರ್ಚು ಮಾಡಿದವರಿಗೆ ಮಾತ್ರ ಹಳೆಯ ಸೌಲಭ್ಯ. ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕಿನ ಲಗ್ವಾರ್ಡಿಯಾದಲ್ಲಿ ಮೊದಲ ಲೌಂಜ್ ತೆರೆದಾಗ ಕಂಪನಿಯೇ ಆರಿಸಿ ಕರೆದವರಿಗಷ್ಟೇ ಪ್ರವೇಶ ಇತ್ತಂತೆ. ಈಗ ಕಾರ್ಡ್ ಇದ್ದವರಿಗೆಲ್ಲ ಪ್ರವೇಶ, ಹಾಗಾಗಿ ಹೊರಗೆ ಸಾಲು. ಬೆಳಿಗ್ಗೆ ಆರರ ಹೊತ್ತಿಗೆ ನಮ್ಮ ಯಾವ ದೊಡ್ಡ ನಿಲ್ದಾಣದ ಲೌಂಜ್ ಮುಂದೆ ನಿಂತರೂ ಗೊತ್ತಾಗುತ್ತದೆ. ಒಳಗೆ ಹೋದ ಮೇಲೂ ತಟ್ಟೆ ಹಿಡಿದುಕೊಂಡು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ, ಊಟ ಮುಗಿಯುತ್ತಾ ಬಂದವರ ಕುರ್ಚಿ ಹಿಂದೆ ನಿಲ್ಲಬೇಕು.

ಈಗ ಕಾಶಿಯ ವಿಷಯ. ಹೋದ ವರ್ಷ ಅತ್ತೆ-ಮಾವನನ್ನು ಕಾಶಿಗೆ ಕರೆದುಕೊಂಡು ಹೊರಟೆವು. ನಾನು, ಹೆಂಡತಿ, ಅವರಿಬ್ಬರು. ಬೆಂಗಳೂರಿನಿಂದ ವಾರಾಣಸಿಗೆ ಇಂಡಿಗೋ, ಅಂದರೆ ಟರ್ಮಿನಲ್ 1. ನನ್ನ ಏರ್ ಇಂಡಿಯಾ ಗೋಲ್ಡ್ ಇಲ್ಲಿ ನಯಾಪೈಸೆ ಉಪಯೋಗ ಇಲ್ಲ, ಯಾಕೆಂದರೆ ಏರ್ ಇಂಡಿಯಾ ಇರುವ ಸ್ಟಾರ್ ಅಲಯನ್ಸ್ ಅನ್ನುವ ಏರ್‌ಲೈನ್‌ಗಳ ಒಕ್ಕೂಟದಲ್ಲಿ ಇಂಡಿಗೋ ಇಲ್ಲ. ಟರ್ಮಿನಲ್ 2ರ ಲೌಂಜ್ ಚೆನ್ನಾಗಿದೆ ಅಂತ ಯಾರೋ ಹೇಳಿದ್ದರು ಅಂತ ಅಲ್ಲಿಗೆ ಹೋಗೋಕೂ ಆಗಲ್ಲ. ಎರಡೂ ಬೇರೆ ಬೇರೆ ಕಟ್ಟಡ, ಸೆಕ್ಯೂರಿಟಿ ಚೆಕ್ ಬೇರೆ ಬೇರೆ. ನಿಮ್ಮ ವಿಮಾನ ಎಲ್ಲಿಂದಲೋ ಲೌಂಜೂ ಅಲ್ಲೇ.

ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಇತ್ತು. ಹೆಂಡತಿಗೆ ಅದರದೇ ಆ್ಯಡ್-ಆನ್. ಮಾವ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅರಸೀಕೆರೆಯವರು. ಪೆನ್ಶನ್ ಬರುವ ಅಕೌಂಟಿಗೆ ಬ್ಯಾಂಕಿನವರು ಕೊಟ್ಟ ಕಾರ್ಡ್ ಜೇಬಿನಲ್ಲೇ ಇತ್ತು. ಪ್ಲಾಸ್ಟಿಕ್ ಕವರಿನೊಳಗೆ, ಅದರ ಜೊತೆ ಮಡಚಿದ ಒಂದು ಚೀಟಿ. ಚೀಟಿಯಲ್ಲಿ ಪಿನ್. (ಅದರ ಬಗ್ಗೆ ಆಮೇಲೆ ಮಾತಾಡಿದೆವು, ಅದು ಬೇರೆ ಪಂಚಾಯಿತಿ.) ನೋಡಿದರೆ ರುಪೇ ಪ್ಲಾಟಿನಂ ಡೆಬಿಟ್ ಕಾರ್ಡ್. ಮೂರು ತಿಂಗಳಿಗೆ ಒಂದು ಸಲ ದೇಶದೊಳಗಿನ ಲೌಂಜ್ ಅದರಲ್ಲಿ ಇತ್ತು. ಇಷ್ಟು ವರ್ಷದಲ್ಲಿ ಮಾವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳುವುದಾದರೂ ಯಾಕೆ, ಅವರು ವಿಮಾನ ಹತ್ತಿದ್ದೇ ಮೊದಲ ಸಲ.

"ಮಾವ, ನಿಮ್ಮ ಎಟಿಎಂ ಕಾರ್ಡ್ ಕೊಡಿ" ಅಂದೆ. ಕೌಂಟರಿನವರು ಬೋರ್ಡಿಂಗ್ ಪಾಸ್ ಹೆಸರು ನೋಡಿದರು, ಕಾರ್ಡ್ ಹಾಕಿದರು, ಪಿನ್ ಒತ್ತಿಸಿಕೊಂಡರು. ಮಾವನ ಫೋನು ಕಿಣಿಕಿಣಿ ಅಂತು. ಕನ್ನಡಕ ಹಾಕಿಕೊಂಡು ಓದಿದರು.

"ಎರಡು ರೂಪಾಯಿ ಕಟ್ ಆಗಿದೆಯಲ್ರೀ!"

"ಹೌದು ಮಾವ, ಅಷ್ಟೇ."

"ಅಷ್ಟೇ ಅಂದ್ರೆ? ಊಟಕ್ಕಾ?"

"ಊಟಕ್ಕೇ."

ಕೌಂಟರಿನ ಹುಡುಗಿ ನಗುತ್ತಾ, "ಎಷ್ಟು ಬೇಕಾದ್ರೂ ಊಟ ಮಾಡಿ ಸರ್" ಅಂದಳು. ಮಾವ ನಂಬಲಿಲ್ಲ. ಆದರೆ ಅವರ ನಡಿಗೆ ಬದಲಾಯಿತು. ಅಳಿಯ ಕರೆದುಕೊಂಡು ಬಂದ ಜಾಗಕ್ಕೆ ಹೋಗುವವರ ಹಾಗಿರಲಿಲ್ಲ. ಅವರ ಬ್ಯಾಂಕು, ಅವರ ಕಾರ್ಡು, ಅವರ ಎರಡು ರೂಪಾಯಿ. ಒಳಗೆ ಹೋಗಿ ಒಳ್ಳೆಯ ಸೋಫಾ ಹುಡುಕಿ ಕೂತರು.

ತೊಂದರೆ ಆಗಿದ್ದು ಅತ್ತೆಯದು. ಅವರ ಹೆಸರಿನಲ್ಲಿ ಯಾವ ಕಾರ್ಡೂ ಇರಲಿಲ್ಲ. ನನ್ನ ಕಾರ್ಡಿನಲ್ಲಿ ಗೆಸ್ಟ್ ಸೌಲಭ್ಯ ಇಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಎಲ್ಲರನ್ನೂ ಸ್ವಲ್ಪ ದೂರ ನಿಲ್ಲಿಸಿ, ಮುಂಚೆಯೇ ನಾನೊಬ್ಬನೇ ಹೋಗಿ, ರೇಟು ಕೇಳಿ, ಯುಪಿಐನಲ್ಲಿ ಕಟ್ಟಿ ಬಂದಿದ್ದೆ. ಸಾವಿರ ರೂಪಾಯಿಗೂ ಮೇಲೆ. ಇದು ಯಾರಿಗೂ ಗೊತ್ತಾಗಬಾರದು ಅನ್ನೋದೇ ನನ್ನ ಲೆಕ್ಕ. ಅತ್ತೆ ಒಳಗೆ ಹೋಗುವಾಗ ಕೌಂಟರಿನವರು ಬಹಳ ಮರ್ಯಾದೆಯಿಂದ, ಎರಡೂ ಕೈಯಲ್ಲಿ, ಬಿಲ್ಲನ್ನು ಅವರ ಕೈಗೇ ಕೊಟ್ಟರು.

ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. "ಅವರಿಗೆ ಎರಡು ರೂಪಾಯಿ, ನನಗೆ ಇಷ್ಟಾ? ಬೇಡಪ್ಪಾ, ನಾನು ಹೊರಗೇ ಕೂತಿರ್ತೀನಿ. ಚಪಾತಿ ತಂದಿದೀನಿ" ಅಂತ ನಿಂತರು. ಹೆಂಡತಿ ಸಮಾಧಾನ ಮಾಡಿ ಕೂರಿಸುವಷ್ಟರಲ್ಲಿ ಸಾಕಾಯಿತು. ಕೂತ ಮೇಲೆ ಇಬ್ಬರೂ ತಿಂದಿದ್ದು ಅದೇ ಉಪ್ಪಿಟ್ಟು, ಅದೇ ಮೊಸರನ್ನ. ಅತ್ತೆ ಪ್ರತಿ ತುತ್ತಿಗೂ ಬೆಲೆ ಕಟ್ಟುತ್ತಾ ಇದ್ದರು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ಎರಡು ಬಾಳೆಹಣ್ಣು ಸೆರಗಿನೊಳಗೆ ಸೇರಿದವು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಇಲ್ಲಿಗೆ ಬಾಗಿಲಲ್ಲಿ ದುಡ್ಡು ಕಟ್ಟಿ ಕರೆದುಕೊಂಡು ಹೋಗುವುದರ ವಿಮರ್ಶೆ ಮುಗಿಯಿತು ಅಂದುಕೊಳ್ಳಿ. ಜಾಗ ಇದ್ದರೆ ಬಿಡುತ್ತಾರೆ, ದುಬಾರಿ, ಹಿರಿಯರ ಮುಂದೆ ಬಿಲ್ ಬಂದರೆ ನಿಮ್ಮ ಕಥೆ ಅಷ್ಟೇ. ಮಾಡಲೇಬೇಕಾದರೆ "ಬಿಲ್ ನನ್ನ ಕೈಗೇ ಕೊಡಿ" ಅಂತ ಕೌಂಟರಿನಲ್ಲಿ ಮೊದಲೇ ಹೇಳಿಟ್ಟುಬಿಡಿ.

ಆ್ಯಡ್-ಆನ್ ಕಾರ್ಡ್ ಬಗ್ಗೆ ಎರಡು ಮಾತು. ಎಷ್ಟೋ ಬ್ಯಾಂಕುಗಳು ಇದನ್ನು ಪುಕ್ಕಟೆ ಕೊಡುತ್ತವೆ. 18 ವರ್ಷ ದಾಟಿದ ಮಕ್ಕಳಿಗೂ, ಹೆಂಡತಿ ಅಥವಾ ಗಂಡನಿಗೂ ಸಾಮಾನ್ಯವಾಗಿ ಸಿಗುತ್ತದೆ. ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಲೌಂಜ್ ಲೆಕ್ಕ ಇಬ್ಬರಿಗೂ ಸೇರಿಯೋ, ಬೇರೆ ಬೇರೆಯೋ? ಕೆಲವು ಕಾರ್ಡುಗಳಲ್ಲಿ ಮುಖ್ಯ ಕಾರ್ಡಿನ ಕೋಟಾವನ್ನೇ ಆ್ಯಡ್-ಆನ್ ಕೂಡ ತಿನ್ನುತ್ತದೆ. ಕೆಲವು ಕಾರ್ಡುಗಳ ಆ್ಯಡ್-ಆನ್‌ಗೆ ಲೌಂಜೇ ಇರಲ್ಲ, ಹೆಸರಿಗೆ ಮಾತ್ರ ಕಾರ್ಡ್. ನನ್ನ ಹೆಂಡತಿಯದ್ದು ಸೇರಿಯೇ ಲೆಕ್ಕ. ನಾನು ಕೆಲಸದ ಮೇಲೆ ಹೋದಾಗ ಏರ್ ಇಂಡಿಯಾದ ಗೋಲ್ಡ್ ತೋರಿಸಿ, ಕಾರ್ಡಿನ ಕೋಟಾವನ್ನು ಮನೆಯವರ ಜೊತೆ ಹೋಗುವ ದಿನಕ್ಕೆ ಉಳಿಸುತ್ತೇನೆ. ಇದು ಸ್ವಲ್ಪ ಜಿಪುಣತನ ಅನ್ನಿಸಬಹುದು, ಆಡಿಟ್ ಮಾಡುವವನ ಬುದ್ಧಿ.

ಪ್ರಯಾರಿಟಿ ಪಾಸ್ ಬಗ್ಗೆ ನನಗೆ ಅಷ್ಟು ಒಳ್ಳೆಯ ಮಾತು ಬರಲ್ಲ, ಆದರೂ ನ್ಯಾಯವಾಗಿ ಹೇಳುತ್ತೇನೆ. 1992ರಿಂದ ಇರುವ ಸಂಸ್ಥೆ ಅದು. ಹೊರದೇಶದಲ್ಲಿ ಒಬ್ಬರೇ ಇರುವಾಗ, ಗೊತ್ತಿಲ್ಲದ ಊರಿನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಳೆಯಬೇಕಾದಾಗ, ಅದರಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ. ಗೆಸ್ಟ್ ಅಂತ ಬಂದಾಗ ಮಾತ್ರ ಅದು ಸಾಲದ ಅಂಗಡಿ. ಕೌಂಟರಿನಲ್ಲಿ ದುಡ್ಡು ಕೇಳಲ್ಲ. ಕಾರ್ಡ್ ಸ್ಕ್ಯಾನ್ ಮಾಡಿ, ಎಷ್ಟು ಜನ ಅಂತ ಬರೆದುಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ದುಡ್ಡು ವಾರಗಳಾದ ಮೇಲೆ ಡಾಲರ್ ಲೆಕ್ಕದಲ್ಲಿ ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಬಂದು ಕೂರುತ್ತದೆ, ಮೇಲೆ ಜಿಎಸ್‌ಟಿ. ನೇರವಾಗಿ ಸದಸ್ಯರಾದವರಿಗೆ ಗೆಸ್ಟ್ ದರ ತಲೆಗೆ 35 ಡಾಲರ್. ಬ್ಯಾಂಕಿನ ಮೂಲಕ ಪಾಸ್ ಬಂದಿದ್ದರೆ ಬ್ಯಾಂಕಿನದೇ ಬೇರೆ ದರ ಇರಬಹುದು. ನಾಲ್ಕು ಜನರ ಸಂಸಾರ ಇಟ್ಟುಕೊಂಡು ಒಂದು ಪಾಸಿನಲ್ಲಿ ಒಳಗೆ ಹೋದರೆ, ಆ ದುಡ್ಡಿನಲ್ಲಿ ಹೊರಗೆ ಎರಡು ಹೊತ್ತು ರಾಜರ ಹಾಗೆ ಊಟ ಮಾಡಬಹುದು.

ನನಗೆ ಪಾಸ್ ಕೊಟ್ಟಿದ್ದ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಹೊರಡುವ ಮೊದಲೇ ಅವರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಒಬ್ಬ ಗೆಸ್ಟ್ ಪುಕ್ಕಟೆಯಾ ಅಂತ ಕೇಳಿದ್ದೆ. ಹೌದು ಸರ್, ಖಂಡಿತ ಸರ್ ಅಂದರು. ವಾಪಸ್ ಬಂದ ಮೇಲೆ ಬಿಲ್ಲಿನಲ್ಲಿ ಗೆಸ್ಟ್ ಚಾರ್ಜ್ ಹಾಜರು. ಆ ಫೋನಿನ ದಾಖಲೆ ತೆಗೆಸಿ, ಇಮೇಲ್ ಮೇಲೆ ಇಮೇಲ್ ಬರೆದು, ಕೊನೆಗೆ ದುಡ್ಡು ವಾಪಸ್ ಬಂತು. ಜಿಎಸ್‌ಟಿ ಬರಲಿಲ್ಲ. ಅದಕ್ಕೆ ಇನ್ನೊಂದು ಇಮೇಲ್ ಬರೆಯುವ ಶಕ್ತಿ ನನಗಿರಲಿಲ್ಲ. ಆವತ್ತಿನಿಂದ ನಾನು ಫೋನಿನಲ್ಲಿ ಕೇಳುವುದಿಲ್ಲ, ಬರವಣಿಗೆಯಲ್ಲಿ ಕೇಳುತ್ತೇನೆ. ಇನ್ನೊಂದು, ನಮ್ಮ ಎಷ್ಟೋ ಬ್ಯಾಂಕುಗಳು ಕೊಡುವ ಪ್ರಯಾರಿಟಿ ಪಾಸ್ ಹೊರದೇಶದಲ್ಲಿ ಮಾತ್ರ ಪುಕ್ಕಟೆ. ಅದೇ ಪಾಸನ್ನು ಭಾರತದೊಳಗೆ ತೋರಿಸಿದರೆ ನಿಮಗೂ ಚಾರ್ಜ್, ನಿಮ್ಮ ಗೆಸ್ಟ್‌ಗೂ ಚಾರ್ಜ್. ಇಲ್ಲಿ ಕ್ರೆಡಿಟ್ ಕಾರ್ಡನ್ನೇ ಕೊಡಬೇಕು.

ಇನ್ನು ಏರ್‌ಲೈನ್ ಗೋಲ್ಡ್. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಅವರ ಗೋಲ್ಡ್ ಇದ್ದವರು ಸ್ಟಾರ್ ಗೋಲ್ಡ್ ಕೂಡ ಹೌದು. ನಿಯಮ ಸ್ಪಷ್ಟ, ಅದೇ ನನಗೆ ಇಷ್ಟ. ಒಬ್ಬ ಗೆಸ್ಟ್. ಇಬ್ಬರಲ್ಲ. ಆ ಗೆಸ್ಟ್ ಕೂಡ ಅವತ್ತೇ, ಅದೇ ನಿಲ್ದಾಣದಿಂದ ಸ್ಟಾರ್ ಅಲಯನ್ಸ್ ವಿಮಾನದಲ್ಲಿ ಹೋಗುವವರಾಗಿರಬೇಕು. ಒಳಗೆ ಹೋಗುವಾಗ ನಿಮ್ಮ ಜೊತೆಗೇ ಇರಬೇಕು. ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೆ ಇನ್ನೂ ಜಾಸ್ತಿ ಸಿಗಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಇಲ್ಲ. ಸ್ಟಾರ್ ಅಲಯನ್ಸ್‌ನಲ್ಲಿ ಬರೀ ಬಿಸಿನೆಸ್ ಟಿಕೆಟ್ ಇದ್ದವರಿಗೆ ಗೆಸ್ಟ್ ಇಲ್ಲವೇ ಇಲ್ಲ. ಫಸ್ಟ್ ಕ್ಲಾಸಿನವರಿಗೆ ಒಬ್ಬರು. ಇಕಾನಮಿಯಲ್ಲಿ ಕೂರುವ ಗೋಲ್ಡ್‌ನವನಿಗೆ ಇರುವ ಸೌಲಭ್ಯ ಮುಂದೆ ಬಿಸಿನೆಸ್‌ನಲ್ಲಿ ಕಾಲು ಚಾಚಿಕೊಂಡವರಿಗೆ ಇಲ್ಲ. ಇದು ನನಗೆ ಯಾವಾಗಲೂ ಒಂದು ಸಣ್ಣ ಖುಷಿ.

ಒಬ್ಬರೇ ಗೆಸ್ಟ್ ಅನ್ನುವ ನಿಯಮ ಮನೆಯವರ ಜೊತೆಗಿಂತ ಆಫೀಸಿನವರ ಜೊತೆ ಇಕ್ಕಟ್ಟು. ದಿಲ್ಲಿಯಲ್ಲಿ ಆಡಿಟ್ ಮುಗಿಸಿ ಟರ್ಮಿನಲ್ 3ಕ್ಕೆ ನಾವು ನಾಲ್ಕು ಜನ ಬಂದಿರುತ್ತೇವೆ. ನನಗೆ ಗೋಲ್ಡ್ ಇದೆ, ನನ್ನ ಮೇಲಿನ ಪಾರ್ಟ್‌ನರ್‌ಗೆ ಇಲ್ಲ, ಯಾಕೆಂದರೆ ಅವರು ಬೆಂಗಳೂರು ಬಿಟ್ಟು ಹೊರಡುವುದೇ ಕಡಿಮೆ. ಇಬ್ಬರು ಆರ್ಟಿಕಲ್ ಹುಡುಗರು (ಸಿಎ ಓದುತ್ತಾ ನಮ್ಮಲ್ಲಿ ಕೆಲಸ ಕಲಿಯುವವರು), ಬೆಳಿಗ್ಗೆಯಿಂದ ವೋಚರ್ ತಿರುವಿ ತಿರುವಿ ಸುಸ್ತಾದವರು. ಈಗ ಯಾರನ್ನು ಕರೆಯಬೇಕು? ಸಾಹೇಬರನ್ನು ಕರೆದರೆ ಹುಡುಗರು ಹೊರಗೆ. ಹುಡುಗರಲ್ಲಿ ಒಬ್ಬನನ್ನು ಕರೆದರೆ ಸಾಹೇಬರು ಹೊರಗೆ, ಮುಂದಿನ ಅಪ್ರೈಸಲ್ ದೇವರ ಕೈಯಲ್ಲಿ. ನಾನು ನೋಡಿದ ಹಾಗೆ ಎಷ್ಟೋ ಜನ "ನೀವು ಇಲ್ಲೇ ಇರಿ, ನಾನೊಂದು ಕಾಲ್ ಮುಗಿಸಿ ಬರ್ತೀನಿ" ಅಂತ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಆಮೇಲೆ ಗೇಟಿನ ಹತ್ತಿರ ಹಲ್ಲು ಕಡ್ಡಿ ಆಡಿಸುತ್ತಾ ಬರುತ್ತಾರೆ. ಎಲ್ಲರಿಗೂ ಗೊತ್ತಾಗುತ್ತದೆ, ಯಾರೂ ಹೇಳಲ್ಲ. ನನ್ನ ಪದ್ಧತಿ ಬೇರೆ. ಎಲ್ಲರೂ ಹೋಗೋಕೆ ಆಗದಿದ್ದರೆ ಲೌಂಜ್ ವಿಷಯವನ್ನೇ ಎತ್ತಲ್ಲ. ಹೊರಗೆ ಎಲ್ಲರಿಗೂ ದೋಸೆ, ಕಾಫಿ ಕೊಡಿಸಿ ಕೂರುತ್ತೇನೆ. ದಿಲ್ಲಿ ನಿಲ್ದಾಣದ ದೋಸೆಯ ಬೆಲೆ ಕೇಳಬೇಡಿ. ಆದರೂ ಪರವಾಗಿಲ್ಲ.

ಬಾಗಿಲಲ್ಲಿ ನಿಂತು ಗುರುತಿಲ್ಲದವರು ಕೇಳುವುದೂ ಈಗ ಜಾಸ್ತಿ. "ಸರ್, ನಿಮ್ಮ ಕಾರ್ಡಲ್ಲಿ ಒಂದು ಗೆಸ್ಟ್ ಇದ್ಯಾ? ಚಾರ್ಜ್ ಎಷ್ಟಾಗತ್ತೋ ಜಿಪೇ ಮಾಡ್ತೀನಿ" ಅಂತ. ಕೇಳುವ ಹುಡುಗರು ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಹೆಸರಿನಲ್ಲಿ ಒಳಗೆ ಬಂದವರ ನಡವಳಿಕೆಗೆ ನೀವೇ ಜವಾಬ್ದಾರಿ, ಪ್ರಯಾರಿಟಿ ಪಾಸ್‌ನ ನಿಯಮದಲ್ಲಿ ಇದು ಬರೆದೇ ಇದೆ. ಅವರು ಒಳಗೆ ಜಗಳ ಮಾಡಿದರೆ, ಏನಾದರೂ ಒಡೆದರೆ, ಕೇಳುವುದು ನಿಮ್ಮನ್ನು. ನಾನು ಇಲ್ಲ ಅನ್ನುತ್ತೇನೆ. ವಯಸ್ಸಾದವರು, ಕೈಕೂಸು ಇರುವ ತಾಯಂದಿರು ಕೇಳಿದರೆ ಮಾತ್ರ ಮನಸ್ಸು ಕರಗುತ್ತದೆ. ಆಗಲೂ ಮೊದಲು ಬೋರ್ಡಿಂಗ್ ಪಾಸ್ ನೋಡಿ, ನಿಯಮಕ್ಕೆ ಹೊಂದುತ್ತದಾ ಅಂತ ಕೌಂಟರಿನಲ್ಲಿ ಕೇಳಿಯೇ ಮುಂದಿನ ಮಾತು. ಎರಡು ವರ್ಷಕ್ಕಿಂತ ಚಿಕ್ಕ ಕೂಸಿಗೆ ನಮ್ಮ ಕಡೆಯ ಹೆಚ್ಚಿನ ಲೌಂಜ್‌ಗಳಲ್ಲಿ ಚಾರ್ಜ್ ಇರಲ್ಲ.

ಇದರ ಹತ್ತಿರದ್ದೇ ಇನ್ನೊಂದು ಅಪಾಯ. 2024ರಲ್ಲಿ ನಮ್ಮ ಬೆಂಗಳೂರು ನಿಲ್ದಾಣದಲ್ಲೇ ಒಬ್ಬ ಮಹಿಳೆ ಕಾರ್ಡ್ ಇಲ್ಲದೆ, ಫೋನಿನಲ್ಲಿ ಅದರ ಫೋಟೋ ಮಾತ್ರ ಇಟ್ಟುಕೊಂಡು ಲೌಂಜ್‌ಗೆ ಹೋಗಲು ನೋಡಿ, 'ಲೌಂಜ್ ಪಾಸ್' ಅನ್ನುವ ನಕಲಿ ಆ್ಯಪ್ ಹಾಕಿಕೊಂಡರು. ಆಮೇಲೆ ಅವರ ಕ್ರೆಡಿಟ್ ಕಾರ್ಡಿನಿಂದ 87,000 ರೂಪಾಯಿ ಹೋಯಿತು. ಆ ಆ್ಯಪ್ ಬಗ್ಗೆ ಹುಡುಕಿದ ಕ್ಲೌಡ್‌ಸೆಕ್ ಅನ್ನುವ ಸೈಬರ್ ಭದ್ರತಾ ಕಂಪನಿ ಸುಮಾರು 450 ಜನ ಒಟ್ಟು 9 ಲಕ್ಷಕ್ಕೂ ಹೆಚ್ಚು ಕಳೆದುಕೊಂಡಿದ್ದಾರೆ ಅಂತ ಹೇಳಿತು. ಜೊತೆಗೆ ಮನೆಯವರನ್ನು ನಿಲ್ಲಿಸಿಕೊಂಡು, ಹಿಂದೆ ಸಾಲು ಬೆಳೆಯುತ್ತಾ ಇರುವಾಗ, ಯಾರೋ ಲಿಂಕ್ ಕಳಿಸಿದರೆ ಒತ್ತಿಬಿಡುವುದು ಬಹಳ ಸುಲಭ. ನಿಜವಾದ ಕಾರ್ಡ್ ಕೈಯಲ್ಲಿರಲಿ. ಲಿಂಕ್ ಬಂದರೆ ಹೊರಗೆ ಹೋಗಿ ವಡೆ ತಿನ್ನಿ.

ಒಳಗಿನ ಶಿಷ್ಟಾಚಾರದಲ್ಲಿ ನನ್ನ ದೊಡ್ಡ ದೂರು ಕುರ್ಚಿ ಹಿಡಿಯುವವರ ಮೇಲೆ. ಮೂರು ಜನ ಬಂದು ಆರು ಕುರ್ಚಿಗೆ ಬ್ಯಾಗು, ಶಾಲು, ಲ್ಯಾಪ್‌ಟಾಪ್ ಕವರ್ ಇಡುತ್ತಾರೆ. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿದ ಅಭ್ಯಾಸ ಎಲ್ಲಿ ಹೋಗುತ್ತದೆ. ನಿಮ್ಮ ಜೊತೆಯವರು ಹೀಗೆ ಮಾಡಿದರೆ ಬ್ಯಾಗು ಎತ್ತಿಸುವ ಕೆಲಸ ನಿಮ್ಮದೇ, ಲೌಂಜ್ ಸಿಬ್ಬಂದಿಯದಲ್ಲ. ಸ್ಪೀಕರ್ ಹಾಕಿ ವೀಡಿಯೋ ಕಾಲ್ ಮಾಡುವವರದ್ದೂ ಇದೇ. ಅತ್ತೆ ಮೊಮ್ಮಗಳಿಗೆ ಲೌಂಜ್ ತೋರಿಸಬೇಕು ಅಂತ ಕಾಲ್ ಮಾಡಿದಾಗ ಹೆಂಡತಿ ಮೆಲ್ಲಗೆ ತನ್ನ ಇಯರ್‌ಫೋನ್ ಕೊಟ್ಟಳು. ಅತ್ತೆಯ ದನಿ ಇಯರ್‌ಫೋನ್ ಹಾಕಿಕೊಂಡ ಮೇಲೆ ಇನ್ನೂ ಜೋರಾಯಿತು ಅನ್ನೋದು ಬೇರೆ ವಿಷಯ. ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ಡಬ್ಬಿ ಅಲ್ಲಿ ಬಿಚ್ಚಬಾರದು. ಅಲ್ಲಿಂದ ಊಟ ಕಟ್ಟಿಕೊಂಡು ಹೋಗಲೂಬಾರದು. ಬಾಳೆಹಣ್ಣಿನ ವಿಷಯದಲ್ಲಿ ನಾನು ಅತ್ತೆಯ ಪಕ್ಷ.

ಹೊತ್ತಿನ ಮೇಲೂ ಕಣ್ಣಿರಲಿ. ಸಾಮಾನ್ಯವಾಗಿ ಎರಡು-ಮೂರು ಗಂಟೆಗಿಂತ ಜಾಸ್ತಿ ಕೂರೋಕೆ ಬಿಡಲ್ಲ. ಒಳಗೆ ವಿಮಾನದ ಕೂಗು ಕೇಳಿಸುತ್ತದೆ ಅಂತ ನಂಬಬೇಡಿ. ಇಂಡಿಗೋ ಗೇಟು ಹೊರಡುವ 25 ನಿಮಿಷ ಮೊದಲೇ ಮುಚ್ಚುತ್ತದೆ. ಮಂಡಿ ನೋವಿನ ಹಿರಿಯರಿದ್ದರೆ ಅದಕ್ಕೂ ಅರ್ಧ ಗಂಟೆ ಮುಂಚೆ ಏಳಿಸಬೇಕು. ಮಾವ ಮೂರನೇ ಸಲ ಕಾಫಿ ತರೋಕೆ ಹೋಗಿದ್ದರು. ಮೆಷಿನ್ ಕಾಫಿ, ಕಾಫಿಯ ಬಣ್ಣದ ಬಿಸಿನೀರು. ಎರಡು ರೂಪಾಯಿಗೆ ಇನ್ನೇನು ಅಂತ ಅವರೇ ಸಮಾಧಾನ ಮಾಡಿಕೊಂಡರು.

ಬೀಳ್ಕೊಡೋಕೆ ಬಂದವರನ್ನೂ ಒಂದು ಗಳಿಗೆ ಲೌಂಜ್‌ಗೆ ಕರೆದುಕೊಂಡು ಹೋಗಬಹುದಾ ಅಂತ ಊರಿನ ಕಡೆಯವರು ಕೇಳುತ್ತಾರೆ. ಆಗಲ್ಲ. ಲೌಂಜ್ ಇರುವುದು ಸೆಕ್ಯೂರಿಟಿ ದಾಟಿದ ಮೇಲೆ, ಅವತ್ತಿನ ಟಿಕೆಟ್ ಇಲ್ಲದವರು ಅಲ್ಲಿವರೆಗೆ ಬರಲಾರರು.

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವುದು ಹೆಸರು. ಕಾರ್ಡಿನ ಹೆಸರೂ ಬೋರ್ಡಿಂಗ್ ಪಾಸಿನ ಹೆಸರೂ ಹೊಂದಬೇಕು. ನಮ್ಮ ಹಿರಿಯರದ್ದು ಬ್ಯಾಂಕಿನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ. ಟಿಕೆಟ್ ತೆಗೆಯುವಾಗ ಸರ್‌ನೇಮ್ ಕಡ್ಡಾಯ ಅನ್ನುತ್ತದೆ, ಮಕ್ಕಳು ಊರಿನ ಹೆಸರೋ ಅಪ್ಪನ ಹೆಸರೋ ತುಂಬಿಬಿಡುತ್ತಾರೆ. ಕೌಂಟರಿನಲ್ಲಿ ಕನ್ನಡ ಬಲ್ಲವರಿದ್ದರೆ ಅರ್ಥ ಮಾಡಿಕೊಂಡು ಬಿಡುತ್ತಾರೆ. ವಾರಾಣಸಿಯಲ್ಲಿ ಇನಿಷಿಯಲ್ ಅಂದರೇನು ಅಂತ ವಿವರಿಸೋಕೆ ನನ್ನ ಹಿಂದಿ ಸಾಲದು. ಟಿಕೆಟ್ ತೆಗೆಯುವ ಮೊದಲೇ ಕಾರ್ಡ್ ಎದುರಿಗೆ ಇಟ್ಟುಕೊಂಡು ಹೆಸರು ತುಂಬಿ.

ಮಾವನ ಪೆನ್ಶನ್ ಅಕೌಂಟ್ ಜಾಯಿಂಟ್. ಕಾಶಿಯಿಂದ ಬಂದ ವಾರವೇ ಅತ್ತೆ ಬ್ಯಾಂಕಿಗೆ ಹೋಗಿ ತಮ್ಮ ಹೆಸರಿಗೂ ಒಂದು ರುಪೇ ಪ್ಲಾಟಿನಂ ಬೇಕು ಅಂತ ಅರ್ಜಿ ಹಾಕಿ ಬಂದರು. ವರ್ಷಕ್ಕೆ ಕಾರ್ಡಿನ ಶುಲ್ಕ ಎಷ್ಟು ಅಂತ ಕೇಳಿ, ಲೆಕ್ಕ ಹಾಕಿ, ಆಮೇಲೆಯೇ ಸಹಿ ಮಾಡಿದ್ದು. ಕಾರ್ಡ್ ಅಂಚೆಯಲ್ಲಿ ಬಂದಿದೆ, ಪಿನ್ ಇನ್ನೂ ಹಾಕಿಸಿಲ್ಲ. ಪಿನ್ ಇಲ್ಲದೆ ಲೌಂಜಿನ ಮೆಷಿನ್ ಆ ಎರಡು ರೂಪಾಯಿ ತೆಗೆದುಕೊಳ್ಳಲ್ಲ. ಮುಂದಿನ ಸಲ ಅರಸೀಕೆರೆಗೆ ಹೋದಾಗ ಎಟಿಎಂಗೆ ಕರೆದುಕೊಂಡು ಹೋಗಬೇಕು, ಚೀಟಿಯಲ್ಲಿ ಬರೆದಿಡಬೇಡಿ ಅಂತಲೂ ಹೇಳಬೇಕು.